ಅಪ್‌ಡೇಟ್: ಅಮ್ಮನ ಎಲಾಸ್ಟಿಕ್ ಬ್ಯಾಂಡ್ ವ್ಯಾಯಾಮ, 3 ತಿಂಗಳಾಯ್ತು
ಮಡಿಕೇರಿ ಮಳೆಯಲ್ಲಿ ವಾಕಿಂಗ್ ಆಗಲ್ಲ, 71 ವರ್ಷದ ಅಮ್ಮನಿಗೆ ಎಲಾಸ್ಟಿಕ್ ಬ್ಯಾಂಡ್ (ಎಳೆದು ವ್ಯಾಯಾಮ ಮಾಡುವ ರಬ್ಬರ್ ಪಟ್ಟಿ) ಸರಿಹೋಗುತ್ತಾ ಅಂತ ಜೂನ್‌ನಲ್ಲಿ ಕೇಳಿದ್ದೆ. ಡಾಕ್ಟರ್ ಒಪ್ಪಿದ ಮೇಲೆ ಶುರು ಮಾಡಿದೆವು. ವಾರಕ್ಕೆ 3 ದಿನ, ಕುರ್ಚಿಯಲ್ಲಿ ಕೂತು, ಎಲ್ಲಕ್ಕಿಂತ ಮೆತ್ತಗಿನ ಬ್ಯಾಂಡನ್ನು ಪಾದಕ್ಕೆ ಸಿಕ್ಕಿಸಿ ಕಾಲು ಚಾಚುವುದು, ಆಮೇಲೆ ಎದೆ ಮುಂದೆ ಹಿಡಿದು ಎರಡೂ ಕೈಯಿಂದ ಎಳೆಯುವುದು. ಎಳೆಯುವಾಗ ಉಸಿರು ಬಿಡಬೇಕು, ಬಿಗಿಹಿಡಿದರೆ ಬಿಪಿ ಏರುತ್ತೆ, ದಯವಿಟ್ಟು ಇದನ್ನು ಮರೀಬೇಡಿ.

ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಈಗ 30 ಸೆಕೆಂಡಲ್ಲಿ ಕೈ ಊರದೆ 11 ಸಲ ಕುರ್ಚಿಯಿಂದ ಏಳುತ್ತಾರೆ, ಮೊದಲು 6 ಸಲ ಅಷ್ಟೇ. ಈ ವಯಸ್ಸಿನ ಹೆಂಗಸರಿಗೆ 10ಕ್ಕಿಂತ ಕಮ್ಮಿಯಾದರೆ ಬೀಳುವ ಅಪಾಯ ಜಾಸ್ತಿಯಂತೆ. ಮಂಡಿನೋವು ಪೂರ್ತಿ ಹೋಗಿಲ್ಲ. ಆದ್ರೆ ನಿನ್ನೆ ಕಾಫಿ ಕಣದ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದರು, ನನಗೆ ಅಳುವೇ ಬಂತು.