ಗ್ಯಾರೇಜಿನಲ್ಲಿ ಕಟ್ಟಿದ ಬೈಕಿಗೆ ಕ್ಯಾಲಿಫೋರ್ನಿಯಾದಲ್ಲಿ ಟೈಟಲ್ (ಮಾಲೀಕತ್ವದ ಪತ್ರ) ಮಾಡಿಸುವುದು ಹೇಗೆ?

ಪ್ರಶ್ನೆ: ಚಾಪರ್ (ಇಷ್ಟದಂತೆ ಮಾರ್ಪಡಿಸಿ ಕಟ್ಟುವ ಬೈಕ್) ಒಂದನ್ನು ಕಟ್ಟುತ್ತಿದ್ದೇನೆ. ಹಿಂದೆ ಸಸ್ಪೆನ್ಷನ್ ಇಲ್ಲದ ಹೊಸ ರಿಜಿಡ್ ಫ್ರೇಮು, 1968ರ ಹಾರ್ಲೆ ಶವಲ್‌ಹೆಡ್ ಎಂಜಿನ್ನು, ಸ್ವಾಪ್ ಮೀಟಿನಲ್ಲಿ (ಹಳೇ ಭಾಗಗಳ ಸಂತೆಯಲ್ಲಿ) ಕೊಂಡ ನಾಲ್ಕು ಗೇರಿನ ಬಾಕ್ಸು. ಗೇರ್‌ಬಾಕ್ಸಿಗೆ ರಸೀದಿ ಇಲ್ಲ. ಫ್ರೇಮನ್ನು ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಹಾಕಿ ಕಾಯಿಸುವ ಲೇಪನಕ್ಕೆ) ಇನ್ನೂ ಕೊಟ್ಟಿಲ್ಲ. ಡಿಎಂವಿಗೆ (ರಾಜ್ಯದ ವಾಹನ ನೋಂದಣಿ ಕಚೇರಿಗೆ) ಹೋಗುವ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು? ಮಾಡಿಸಿದವರು ತಿಳಿಸಿ.

ಉತ್ತರ 1: ಕೋಟಿಂಗ್‌ಗೆ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಫ್ರೇಮಿನ ಕುತ್ತಿಗೆಯ (ಮುಂದಿನ ಫೋರ್ಕ್ ಕೂರುವ ಭಾಗದ) ಮೇಲೆ ಕೊರೆದ ನಂಬರನ್ನು ಮೊದಲು ಹತ್ತಿರದಿಂದ ಫೋಟೊ ತೆಗೆಯಿರಿ. ಆಮೇಲೆ ಅದರ ಮೇಲೆ ಶಾಖ ತಡೆಯುವ ಟೇಪು ಅಂಟಿಸಿ ಕೊಡಿ. ಪೌಡರ್ ದಪ್ಪಗೆ ಕೂತರೆ ಅಂಕಿಗಳು ತುಂಬಿಹೋಗುತ್ತವೆ, ಆಮೇಲೆ ಕೆರೆದು ತೋರಿಸಬೇಕಾಗುತ್ತದೆ. ಕೆರೆದ ಗುರುತು ಇರುವ ನಂಬರನ್ನು ಯಾವ ಪರಿಶೀಲಕರೂ ಸುಮ್ಮನೆ ಒಪ್ಪುವುದಿಲ್ಲ. ನಂಬರನ್ನು ಉಜ್ಜುವುದು, ಮತ್ತೆ ಪಂಚ್ ಹೊಡೆಯುವುದು ಫೆಡರಲ್ ಅಪರಾಧ. ಅಂದಗೆಟ್ಟಿದೆ ಎಂದು ಕೂಡ ಅದಕ್ಕೆ ಫೈಲು ತಾಗಿಸಬೇಡಿ.

ಹೊಸ ಫ್ರೇಮಿನ ಜೊತೆ ತಯಾರಕರ ಎಂಎಸ್‌ಒ ಪತ್ರ (ಇದು ಎಲ್ಲಿ ತಯಾರಾದದ್ದು ಎಂಬ ಮೂಲ ಪತ್ರ) ಬಂದಿರಬೇಕು. ಫ್ರೇಮಿನ ಜನನ ಪತ್ರವೇ ಅದು. ಅಂಗಡಿಯ ಮೂಲಕ ಕೊಂಡಿದ್ದರೆ ಹಿಂಬದಿಯಲ್ಲಿ ತಯಾರಕರಿಂದ ಅಂಗಡಿಗೆ, ಅಂಗಡಿಯಿಂದ ನಿಮಗೆ ಎಂದು ಸಹಿಗಳ ಸರಪಳಿ ಇರಬೇಕು. ನಡುವೆ ಒಂದು ಸಹಿ ತಪ್ಪಿದರೂ ಕೆಲಸ ಅಲ್ಲೇ ನಿಲ್ಲುತ್ತದೆ. ಈಗಲೇ ತಿರುಗಿಸಿ ನೋಡಿ.

ಉತ್ತರ 2: ನಿಮ್ಮ ಕೇಸಿನಲ್ಲಿ ಫ್ರೇಮಿಗಿಂತ ಎಂಜಿನ್ನೇ ಸೂಕ್ಷ್ಮ. 1970ರ ಮಾಡೆಲ್‌ಗಿಂತ ಹಿಂದಿನ ಹಾರ್ಲೆಗಳಲ್ಲಿ ಫ್ರೇಮಿಗೆ ವಿನ್ (ವಾಹನದ ಗುರುತಿನ ನಂಬರ್) ಇರಲಿಲ್ಲ. ಎಡಗಡೆಯ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಗಿನ ಹೊರಕವಚದ) ಮೇಲಿನ ನಂಬರೇ ಇಡೀ ಗಾಡಿಯ ಗುರುತು. ಹಾಗಾಗಿ 68ಎಫ್‌ಎಲ್‌ಎಚ್ ಎಂದು ಶುರುವಾಗುವ ಎಂಜಿನ್ ಕೊಂಡಿದ್ದೀರಿ ಎಂದರೆ, ಕಾಗದದ ಲೆಕ್ಕದಲ್ಲಿ ಒಂದು ಪೂರ್ತಿ ಬೈಕನ್ನೇ ಕೊಂಡ ಹಾಗೆ. ಆ ನಂಬರಿನ ಟೈಟಲ್ ಬೇರೆ ಯಾರದೋ ಹೆಸರಿನಲ್ಲಿ ಇನ್ನೂ ಜೀವಂತವಾಗಿರಬಹುದು.

ಇವತ್ತೇ ಮೂರು ಕೆಲಸ ಮಾಡಿ. ಮಾರಿದವರ ಬಳಿ ಟೈಟಲ್ ಇದೆಯೇ ಕೇಳಿ. ವಿಮಾ ವಂಚನೆ ತಡೆಯುವ ಸಂಸ್ಥೆ ಎನ್‌ಐಸಿಬಿಯ ಉಚಿತ ವಿನ್‌ಚೆಕ್‌ನಲ್ಲಿ ನಂಬರು ಹಾಕಿ ನೋಡಿ. ಆದರೆ ಅದು 17 ಅಕ್ಷರಗಳ ನಂಬರಿಗಾಗಿ ಇರುವುದು, ಆ ಪದ್ಧತಿ ಬಂದದ್ದು 1981ರ ಮಾಡೆಲ್‌ನಿಂದ. ಹಳೇ ನಂಬರಿಗೆ ಅಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಎಂಜಿನ್ ಶುದ್ಧ ಎಂದು ತಿಳಿಯಬೇಡಿ. ಪೊಲೀಸರ ಮೂಲಕ ಕಳವು ದಾಖಲೆ ನೋಡಿಸುವುದೇ ಖಾತ್ರಿ ದಾರಿ. ಮೂರನೆಯದು, ಎಂಜಿನ್ ಇನ್ನೂ ಬೆಂಚಿನ ಮೇಲಿದ್ದರೆ ಮಗುಚಿ ಅಡಿಭಾಗ ನೋಡಿ. ಎರಡೂ ಕೇಸುಗಳ ಕೆಳಗೆ ಬೆಲ್ಲಿ ನಂಬರ್ ಇರುತ್ತದೆ. ಎಡಬಲ ಹೊಂದಿದರೆ ಜೋಡಿ ಕಾರ್ಖಾನೆಯದು. ಹೊಂದದಿದ್ದರೆ ಒಂದು ಕೇಸು ಬದಲಾಗಿದೆ ಎಂದರ್ಥ. ಅದು ತಪ್ಪಲ್ಲ, ಆದರೆ ಅದರ ರಸೀದಿಯನ್ನೂ ಕೇಳುತ್ತಾರೆ.

ನಂಬರಿರುವ ಜಾಗ ನುಣ್ಣಗೆ ಉಜ್ಜಿದಂತೆ ಕಂಡರೆ, ಅಥವಾ ಅಂಕಿಗಳ ಸಾಲು ಸೊಟ್ಟಗಿದ್ದರೆ, ಆ ಎಂಜಿನ್ನನ್ನು ಹಾಕಲೇಬೇಡಿ. ಪರಿಶೀಲನೆಯ ದಿನ ಅದನ್ನು ಜಪ್ತಿ ಮಾಡಿದರೆ ಬೈಕಿನ ಹೃದಯವೇ ಹೋದಂತೆ. ಅದಕ್ಕಿಂತ ಎಂಜಿನ್ ಭಾಗ ತಯಾರಿಸುವ ಎಸ್ ಆ್ಯಂಡ್ ಎಸ್‌ನಂಥವರ ಹೊಸ ಕೇಸು ಕೊಂಡರೆ ಅದರದೇ ನಂಬರು, ಅದರದೇ ಪತ್ರ ಬರುತ್ತದೆ.

ಉತ್ತರ 3: ಈಗ ಕಚೇರಿಯ ದಾರಿ. ಮಾರಾಟಕ್ಕಲ್ಲದೆ ಸ್ವಂತಕ್ಕೆ ಕಟ್ಟಿದ, ಪರವಾನಗಿ ಇರುವ ತಯಾರಕರು ಕಟ್ಟದ ಗಾಡಿಯನ್ನು ಕ್ಯಾಲಿಫೋರ್ನಿಯಾ 'ಸ್ಪೆಷಲಿ ಕನ್‌ಸ್ಟ್ರಕ್ಟೆಡ್' ಎನ್ನುತ್ತದೆ. ಟೈಟಲ್ ಅರ್ಜಿ ರೆಗ್ 343, ಹೇಗೆ ಕಟ್ಟಿದಿರಿ ಎಂದು ಬರೆದುಕೊಡುವುದು ರೆಗ್ 5036. ಮೊದಲು ಡಿಎಂವಿಯಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಅವರು ಹೈವೇ ಪೆಟ್ರೋಲ್‌ಗೆ, ಅಂದರೆ ಸಿಎಚ್‌ಪಿಗೆ ಕಳಿಸುತ್ತಾರೆ. ಫ್ರೇಮು, ಎಂಜಿನ್ನು, ಗೇರ್‌ಬಾಕ್ಸಿನ ನಂಬರುಗಳನ್ನು ರಸೀದಿಗಳ ಜೊತೆ ತಾಳೆ ನೋಡಿ ರಾಜ್ಯದ ವಿನ್ ಕೊಡುವುದು ಸಿಎಚ್‌ಪಿಯೇ. ಬ್ರೇಕು, ದೀಪಗಳ ತಪಾಸಣೆ ಪತ್ರ ಬೇರೆ. ಬೈಕನ್ನು ಟ್ರೇಲರ್ ಮೇಲೆ ಒಯ್ಯಿರಿ, ಓಡಿಸಿಕೊಂಡು ಹೋಗಬೇಡಿ.

ರಸೀದಿಗಳನ್ನು ಇವತ್ತೇ ಸ್ಕ್ಯಾನ್ ಮಾಡಿ. ಥರ್ಮಲ್ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ಬಿಳಿ ಚೀಟಿ ಹಿಡಿದು ನಿಂತರೆ ಕೆಲಸ ಆಗುವುದಿಲ್ಲ. ತೆರಿಗೆ ಕಟ್ಟಿ ಕೊಂಡ ಭಾಗಗಳಿಗೆ ಮತ್ತೆ ತೆರಿಗೆ ಬೀಳದಿರಲೂ ಅದೇ ಸಾಕ್ಷಿ.

ಇನ್ನೊಂದು ಮಾತು: ಇಪಿಎ (ಫೆಡರಲ್ ಪರಿಸರ ಸಂಸ್ಥೆ) ನಿಯಮದಲ್ಲಿ ಸ್ವಂತ ಬಳಕೆಗೆ ಕಟ್ಟುವ ಕಿಟ್ ಬೈಕಿಗೆ (ಭಾಗಗಳನ್ನು ಜೋಡಿಸಿ ಕಟ್ಟುವ ಬೈಕಿಗೆ) ಹೊಗೆ ಪ್ರಮಾಣಪತ್ರದ ವಿನಾಯಿತಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ. ಕಟ್ಟಿದ ಮೇಲೆ 5 ವರ್ಷ ಮಾರುವಂತಿಲ್ಲ. ಇದು ನಿಮ್ಮ ಆ ಒಂದು ಬೈಕೇ ಎಂದು ಯೋಚಿಸಿಕೊಳ್ಳಿ.

ಉತ್ತರ 4: ಬೈಕ್ ಯಾವ ವರ್ಷದ್ದು ಎಂದು ದಾಖಲಾಗುತ್ತದೆ ಎಂಬುದರ ಮೇಲೆ ವೈರಿಂಗ್ ನಿಂತಿದೆ. ಇಲ್ಲಿ 1973ಕ್ಕೆ ಮೊದಲಿನ ಬೈಕಿಗೆ ಇಂಡಿಕೇಟರ್ ಕಡ್ಡಾಯವಲ್ಲ. 1978ರಿಂದ ಈಚಿನದಕ್ಕೆ ಎಂಜಿನ್ ಓಡುವಾಗ ಹೆಡ್‌ಲೈಟ್ ತಾನಾಗಿ ಉರಿಯಬೇಕು. ಎಂಜಿನ್ 1968ರದ್ದು ಎಂದು ನಂಬಿ ಇಂಡಿಕೇಟರ್ ಬಿಟ್ಟು, ಟೈಟಲ್ ಮಾತ್ರ ಈ ವರ್ಷದ ಹೊಸ ನಿರ್ಮಾಣ ಎಂದು ಬಂದರೆ ಹಾರ್ನೆಸ್ (ತಂತಿಗಳ ಕಟ್ಟು) ಪೂರ್ತಿ ಬಿಚ್ಚಬೇಕಾಗುತ್ತದೆ. ಬೇಕಿರಲಿ ಬಿಡಲಿ, ನಾಲ್ಕು ಇಂಡಿಕೇಟರಿನ ತಂತಿ ಈಗಲೇ ಎಳೆದಿಡಿ.

ಬ್ರೇಕ್ ದೀಪ ಮುಂದಿನ ಲಿವರ್‌ಗೂ ಹಿಂದಿನ ಪೆಡಲ್‌ಗೂ ಉರಿಯಬೇಕು. ಚಾಪರ್‌ಗಳಲ್ಲಿ ಮುಂದಿನ ಸ್ವಿಚ್ಚನ್ನೇ ಮರೆಯುತ್ತಾರೆ. ನಂಬರ್ ಪ್ಲೇಟಿಗೆ ಬಿಳಿ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್, 200 ಅಡಿ ಹಿಂದಕ್ಕೆ ಕಾಣುವ ಕನ್ನಡಿ, ಡಿಒಟಿ (ಫೆಡರಲ್ ಸಾರಿಗೆ ಇಲಾಖೆ) ಗುರುತಿನ ಟೈರು ಮತ್ತು ಬ್ರೇಕ್ ಹೋಸು. ಹ್ಯಾಂಡಲ್ ಹಿಡಿದು ಕೂತಾಗ ಕೈ ಭುಜಕ್ಕಿಂತ 6 ಇಂಚಿಗೂ ಮೇಲೆ ಹೋಗಬಾರದು.

ದೀಪ ಮಂಕಾಗಿ ಮಿನುಗಿದರೆ ಬಲ್ಬನ್ನು ಬಯ್ಯಬೇಡಿ. ಪೌಡರ್ ಕೋಟ್ ವಿದ್ಯುತ್ ಹಾಯಿಸುವುದಿಲ್ಲ, ಅರ್ಥ್ ಸಿಗದೆ ಹಾಗಾಗುತ್ತದೆ. ಫ್ರೇಮನ್ನು ನಂಬದೆ ಹೆಡ್‌ಲೈಟ್ ಮತ್ತು ಟೇಲ್‌ಲೈಟಿನಿಂದ ಬ್ಯಾಟರಿಯ ನೆಗೆಟಿವ್‌ಗೆ 14 ಗೇಜಿನ ಪ್ರತ್ಯೇಕ ತಂತಿ ಹಾಕಿ.

ಪ್ರಶ್ನೆ: ತುಂಬ ಉಪಯೋಗವಾಯಿತು. ಗೇರ್‌ಬಾಕ್ಸು? ಮಾರಿದವರ ಫೋನ್ ನಂಬರ್ ಮಾತ್ರ ಇದೆ.

ಉತ್ತರ 2: ಅಷ್ಟಿದ್ದರೆ ಸಾಕು, ಇವತ್ತೇ ಫೋನ್ ಮಾಡಿ. ಬಿಲ್ ಆಫ್ ಸೇಲ್ (ಮಾರಾಟ ಪತ್ರ) ನೀವೇ ಬರೆದು ಕಳಿಸಿ, ಅವರು ಸಹಿ ಹಾಕಿದರಾಯಿತು. ತಾರೀಖು, ಅವರ ಪೂರ್ತಿ ಹೆಸರು, ವಿಳಾಸ, 'ನಾಲ್ಕು ಗೇರಿನ ಟ್ರಾನ್ಸ್‌ಮಿಷನ್' ಎಂಬ ವಿವರ, ಕೇಸಿನ ಮೇಲಿನ ನಂಬರು, ಕೊಟ್ಟ ಹಣ, ಇಷ್ಟೂ ಇರಲಿ. ಯಾವ ಬೈಕಿನಿಂದ ಇಳಿಸಿದ್ದು ಎಂದು ಗೊತ್ತಿದ್ದರೆ ಅದರ ವಿನ್ ಕೂಡ ಬರೆಸಿಕೊಳ್ಳಿ. ಸಿಗದೇ ಹೋದರೆ ಆ ಬಾಕ್ಸಿನ ಆಸೆ ಬಿಟ್ಟು ರಸೀದಿ ಇರುವ ಹೊಸ ಕೇಸು ಕೊಂಡು ಒಳಗಿನ ಗೇರುಗಳನ್ನು ಅದಕ್ಕೆ ವರ್ಗಾಯಿಸಬಹುದು. ಆದರೆ ಅದಕ್ಕೂ ಮೊದಲು ಹಳೇ ಕೇಸಿನ ನಂಬರು ಕಳವಿನ ಪಟ್ಟಿಯಲ್ಲಿಲ್ಲ ಎಂದು ಪೊಲೀಸರಿಂದ ಖಚಿತ ಮಾಡಿಕೊಳ್ಳಿ.