'ಡ್ರೂಯಿಡ್'ಗೆ ಏನನ್ನೋಣ? ನಾಳೆ ಅಚ್ಚಿಗೆ ಹೋಗಬೇಕು

ಬಳಗಕ್ಕೆ ನಮಸ್ಕಾರ. ಫೋಟೋ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಚಿತ್ರದಲ್ಲಿ ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತವಾದ ಸ್ಟೋನ್‌ಹೆಂಜ್ ಕಲ್ಲುಗಳ ನಡುವೆ ಬಿಳಿ ನಿಲುವಂಗಿಯವರು ಜೂನ್ ತಿಂಗಳ ಸೂರ್ಯೋದಯಕ್ಕೆ ಕಾಯ್ತಾ ನಿಂತಿದ್ದಾರೆ. ಒಬ್ಬರ ನಿಲುವಂಗಿಯ ಕೆಳಗೆ ರಬ್ಬರ್ ಬೂಟು ಇಣುಕುತ್ತಿದೆ. ಮೂಲದಲ್ಲಿ ಬರೀ 'ಡ್ರೂಯಿಡರು' ಅಂತಿದೆ. ಯುರೋಪಿನ ಹಳೇ ಕೆಲ್ಟ್ ಜನರ ಪೂಜಾರಿಗಳಿಗೆ ಆ ಹೆಸರಿತ್ತು, ಹಾಗಾಗಿ 'ಪ್ರಾಚೀನ ಕೆಲ್ಟಿಕ್ ಪುರೋಹಿತರು' ಅನ್ನಬಹುದಾ?
– ವಿ.

ದ್ರುವಿದ. ಸಂಸ್ಕೃತದಲ್ಲಿ 'ದ್ರು' ಮರ, 'ವಿದ' ಬಲ್ಲವ. ಅವರ ಪದದ ಬೇರೂ ಇದೇ. ಇದರಲ್ಲಿ ಚರ್ಚೆಗೆ ಏನಿದೆ?
– ಶಾ.

ದ್ರುವಿದ ಅಂದರೆ ಓದುವವರು ಅಚ್ಚಿನ ತಪ್ಪು, 'ದ್ರಾವಿಡ' ಇರಬೇಕು ಅಂದುಕೊಳ್ಳುತ್ತಾರೆ. 'ಮರಬಲ್ಲರು' ಅನ್ನಿ. ಅಚ್ಚಗನ್ನಡ.
– ಕೆ.

ಮರಬಲ್ಲರು ಅಂದರೆ ಅರಣ್ಯ ಇಲಾಖೆಯವರು ಅನ್ನಿಸುತ್ತೆ. ಶಾ. ಅವರೇ, ಬೇರಿನ ನೆಂಟಸ್ತನ ಸರಿ, ಆದರೆ ಅಲ್ಲಿ 'ದ್ರು' ಮರವೋ 'ಗಟ್ಟಿ'ಯೋ ಅನ್ನೋದೇ ಇನ್ನೂ ತೀರ್ಮಾನವಾಗಿಲ್ಲ.

ಮೊದಲು ಚಿತ್ರದಲ್ಲಿರೋರು ಯಾರು ನೋಡಿ. ಹಳೇ ಡ್ರೂಯಿಡರು ತಮ್ಮ ವಿದ್ಯೆಯನ್ನು ಬರೆದಿಡಲಿಲ್ಲ. ಕೆಲವರು 20 ವರ್ಷ ಬಾಯಿಪಾಠ ಮಾಡ್ತಿದ್ದರಂತೆ. ಅದನ್ನು ಹೇಳಿದವನು ರೋಮಿನ ಸೇನಾಪತಿ ಸೀಸರ್, ಅವರ ನಾಡಿನ ಮೇಲೆ ದಂಡೆತ್ತಿ ಹೋದವನು. ಬಿಳಿ ಬಟ್ಟೆ, ಓಕ್ ಮರದ ಬಂದಳಿಕೆ, ಅದನ್ನು ಕೊಯ್ಯೋ ಚಿನ್ನದ ಕುಡುಗೋಲು, ಇಷ್ಟೂ ರೋಮಿನ ಲೇಖಕ ಪ್ಲಿನಿ ಬರೆದ ನಾಲ್ಕು ಸಾಲಿನಿಂದ ಬಂದದ್ದು. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡರ ಹೆಸರು ಬರಹದಲ್ಲಿ ಸಿಗೋದು ಅದಾಗಿ ಎರಡು ಸಾವಿರ ವರ್ಷದ ಮೇಲೆ. ಎರಡಕ್ಕೂ ಗಂಟು ಹಾಕಿದವರು 17, 18ನೇ ಶತಮಾನದ ಆಬ್ರೆ, ಸ್ಟ್ಯೂಕ್ಲಿ ಥರದ ಇಂಗ್ಲಿಷ್ ಪುರಾತತ್ವ ಆಸಕ್ತರು. ಆಮೇಲೆ ಬಂದ ವೇಲ್ಸ್‌ನ ಕಲ್ಲುಕುಟಿಗ ಯೋಲೋ ಮೋರ್ಗಾನುಗ್. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಸಣ್ಣ ಕಲ್ಲುಗಳನ್ನು ದುಂಡಗೆ ಜೋಡಿಸಿ 'ಹಳೇ' ಆಚರಣೆ ಹೊಸದಾಗಿ ಶುರು ಮಾಡಿದ. ತಾನೇ ಬರೆದದ್ದನ್ನು ಹಳೇ ಕವಿಗಳದ್ದು ಅಂತ ನಂಬಿಸಿದ ಆಸಾಮಿ! ಅವನ ಆಚರಣೆ ವೇಲ್ಸ್‌ನ ಸಾಹಿತ್ಯ ಹಬ್ಬದಲ್ಲಿ ಇವತ್ತಿಗೂ ನಡೆಯುತ್ತೆ.

ಈಗಿನವರನ್ನು ಗೇಲಿ ಮಾಡ್ತಿಲ್ಲ. 2010ರಲ್ಲಿ ಅಲ್ಲಿನ ಧರ್ಮಾದಾಯ ಆಯೋಗ ಒಂದು ಡ್ರೂಯಿಡ್ ಸಂಘಟನೆಯನ್ನು ಧಾರ್ಮಿಕ ಸಂಸ್ಥೆ ಅಂತಲೇ ನೋಂದಾಯಿಸಿಕೊಂಡಿದೆ. ಆದರೆ 'ಪ್ರಾಚೀನ' ಬೇಡ. 'ಪುರೋಹಿತ'ವೂ ಬೇಡ, ಓದಿದವರು ವಂಶಪಾರಂಪರ್ಯ ಅಂದುಕೊಳ್ಳುತ್ತಾರೆ. 'ಇಂದಿನ ಡ್ರೂಯಿಡ್ ಪಂಥದವರು' ಸಾಕು.
– ಮಾ.

'ದ್ರಾವಿಡ' ಅಂತಲೇ ಯಾಕೆ ಇರಬಾರದು? ಡ್ರೂಯಿಡ್, ದ್ರಾವಿಡ, ಕೇಳೋಕೂ ಒಂದೇ ಥರ. ನಮ್ಮವರೇ ಅಲ್ಲಿಗೆ ಹೋಗಿರಬಹುದಲ್ವಾ?
– ಜ.

ಇಲ್ಲ.
– ಮಾ.

ಡ್ರೂಯಿಡ್, ಪಂಥ. ಒಂದು ಇಂಗ್ಲಿಷು, ಒಂದು ಸಂಸ್ಕೃತ. ಎರವಲು ತರೋದೇ ಆದರೆ ಈ ಬಳಗ ಯಾಕೆ ಬೇಕು?
– ಕೆ.

'ಅರ್ಜಿ', 'ರೈತ', 'ಜಮೀನು' ಬಿಟ್ಟು ತಾಲ್ಲೂಕು ಕಚೇರಿಗೆ ಒಂದು ಕಾಗದ ಬರೆದು ತೋರಿಸಿ, ಕೆ. ಅವರೇ. 'ಕಚೇರಿ'ಯನ್ನೂ ಬಿಡಬೇಕು, ಮರೀಬೇಡಿ.
– ಶಾ.

ದ್ರುವಿದ ಅಂದವರು ಎರವಲಿನ ಪಾಠ ಹೇಳ್ತಿದ್ದಾರೆ, ಚೆನ್ನಾಗಿದೆ.
– ಕೆ.

ಮಾ. ಅವರು ಹೇಳಿದ್ದನ್ನೇ ಹಾಕಿ ಕಳಿಸಿದೆ, ಥ್ಯಾಂಕ್ಸ್. ಮುಂದಿನ ಫಲಕದಲ್ಲಿ 'ಬಾರ್ಡ್' (ಕೆಲ್ಟರ ಹಾಡುಕವಿ) ಇದೆ. ದಯವಿಟ್ಟು ಯಾರೂ 'ಭಟ್ಟ' ಅನ್ನಬೇಡಿ.
– ವಿ.

ಯಾಕನ್ನಬಾರದು?
– ಜ.