ಒಳಿತನ್ನು ಲೆಕ್ಕ ಹಾಕಿ ಮಾಡುವ ಗುಂಪು: 40 ಜನ 8 ಮಂದಿಗೆ ಇಳಿದಾಗ ಏನು ಮಾಡಿದಿರಿ?

ಕೇಳಿದವರು: ನಮ್ಮ ಕೈಯಲ್ಲಿರುವ ಹಣ ಮತ್ತು ಸಮಯದಿಂದ ಅತಿ ಹೆಚ್ಚು ಜನರಿಗೆ ಒಳಿತಾಗುವುದು ಎಲ್ಲಿ ಎಂಬುದನ್ನು ಪುರಾವೆ ನೋಡಿ ನಿರ್ಧರಿಸುವ, ಪರಿಣಾಮಕಾರಿ ಪರೋಪಕಾರದ ಗುಂಪೊಂದನ್ನು 14 ತಿಂಗಳಿಂದ ನಡೆಸುತ್ತಿದ್ದೇನೆ. ಮೊದಲ ಸಭೆಗೆ 40 ಜನ ಬಂದಿದ್ದರು, ಈಗ 8 ಮಂದಿ ಉಳಿದಿದ್ದಾರೆ. ದೊಡ್ಡ ಉಪನ್ಯಾಸಗಳನ್ನು ಏರ್ಪಡಿಸಿ ಮತ್ತೆ ಜನ ಸೇರಿಸಬೇಕೇ, ಉಳಿದವರೊಂದಿಗೇ ಮುಂದುವರಿಯಬೇಕೇ? ಇಂಥ ಗುಂಪು ನಡೆಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ: ನಾನು ಇಂಥದೇ ಗುಂಪಿಗೆ 6 ವರ್ಷ ಸಂಚಾಲಕನಾಗಿದ್ದೆ. 8 ಮಂದಿ ಉಳಿದಿರುವುದನ್ನು ನೀವು ಸೋಲೆಂಬಂತೆ ಬರೆದಿದ್ದೀರಿ, ನನಗೆ ಹಾಗೆ ತೋರುವುದಿಲ್ಲ. ಎರಡನೆಯ ವರ್ಷ ನಾವು ತಿಂಗಳಿಗೊಂದು ಉಪನ್ಯಾಸವಿಟ್ಟು ಸಭಾಂಗಣ ತುಂಬಿಸಿದೆವು. ವರ್ಷದ ಕೊನೆಯಲ್ಲಿ ಹಾಜರಿ ಪುಸ್ತಕ ತೆಗೆದು ಕುಳಿತಾಗ 300ಕ್ಕೂ ಹೆಚ್ಚು ಹೆಸರುಗಳು ಸಿಕ್ಕವು. ಆದರೆ ಈ ಗುಂಪಿಗೆ ಬಂದ ಕಾರಣಕ್ಕೇ ದಾನ ಕೊಡುವ ಕಡೆಯನ್ನೋ ಉದ್ಯೋಗದ ದಾರಿಯನ್ನೋ ಬದಲಿಸಿದರು ಎಂದು ಎದೆ ಮುಟ್ಟಿ ಹೇಳಬಹುದಾದವರು ಐವರು ಮಾತ್ರ. ಆ ಐವರಲ್ಲಿ ನಾಲ್ವರು, ನಾವು ಹೆಚ್ಚು ತಲೆ ಕೆಡಿಸಿಕೊಳ್ಳದೆ ಒಂದು ಮೂಲೆಯ ಕೋಣೆಯಲ್ಲಿ ನಡೆಸುತ್ತಿದ್ದ 8 ವಾರಗಳ ಓದುಕೂಟದವರು. ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಆ ಓದುಕೂಟದ ಒಂದು ಸಂಜೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಜನ ಏಕೆ ಉಳಿಯುತ್ತಾರೆ ಎಂಬುದು ನನಗೆ ಅರ್ಥವಾದದ್ದು ಅಂದು. ಮಕ್ಕಳು ಆಡುವ ತಿರುಗುಯಂತ್ರಕ್ಕೆ ನೀರಿನ ಪಂಪನ್ನು ಜೋಡಿಸಿ, ಅವರು ಆಡಿದಷ್ಟೂ ಊರಿಗೆ ನೀರು ಬರುತ್ತದೆ ಎಂದು ಪ್ರಚಾರ ಪಡೆದಿದ್ದ 'ಪ್ಲೇಪಂಪ್' ಅಂದಿನ ಚರ್ಚೆಯ ವಿಷಯವಾಗಿತ್ತು. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಈ ಯೋಜನೆಗೆ 2006ರಲ್ಲಿ ಅಮೆರಿಕದಿಂದ ಭಾರಿ ನೆರವಿನ ಘೋಷಣೆಯಾಗಿತ್ತು. ಅದರ ಸೋಲಿನ ಕತೆಯನ್ನು ನಾನೇ ಹೇಳಬೇಕೆಂದು ಟಿಪ್ಪಣಿ ಮಾಡಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಮೂರು ವಾರಗಳಿಂದ ಒಂದು ಮಾತನ್ನೂ ಆಡದಿದ್ದ ಸದಸ್ಯೆಯೊಬ್ಬರು ಹಂಚಿದ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. ಒಂದು ಪಂಪು 2,500 ಜನರಿಗೆ ಸಾಕು ಎಂಬುದು ಯೋಜನೆಯ ಹೇಳಿಕೆ; ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದರೂ 37,500 ಲೀಟರ್ ಬೇಕು; ಪಂಪು ಗಂಟೆಗೆ ಎತ್ತುವುದು ಹೆಚ್ಚೆಂದರೆ 1,400 ಲೀಟರ್. ಭಾಗಿಸಿದ ಮೇಲೆ ಅವರು ತಲೆಯೆತ್ತಿ, 'ಹಾಗಾದರೆ ಮಕ್ಕಳು ದಿನಕ್ಕೆ ಸುಮಾರು 27 ಗಂಟೆ ಆಡಬೇಕಲ್ಲ' ಎಂದರು. ಪತ್ರಿಕೆಯೊಂದು ಹಿಂದೆಯೇ ಇದೇ ಲೆಕ್ಕವನ್ನು ಪ್ರಕಟಿಸಿತ್ತು, ನನ್ನ ಟಿಪ್ಪಣಿಯಲ್ಲೂ ಅದಿತ್ತು. ನಾನು ಟಿಪ್ಪಣಿಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಒಂದು ಸಾಧನಕ್ಕೆ ಸುಮಾರು 14,000 ಡಾಲರ್ ತಗಲುತ್ತಿತ್ತು, ಅದು ಸಾಧಾರಣ ಕೈಪಂಪಿನ ನಾಲ್ಕು ಪಟ್ಟು ಎಂಬುದನ್ನು ಇನ್ನೊಬ್ಬರು ಹುಡುಕಿ ತೆಗೆದರು. ಆ ಸದಸ್ಯೆ ಮುಂದಿನ ವರ್ಷ ಓದುಕೂಟವನ್ನು ತಾವೇ ನಡೆಸಿದರು. ಕೇಳುವುದಕ್ಕಷ್ಟೇ ಕರೆದವರು ಎರಡು ಬಾರಿ ಬಂದು ನಿಲ್ಲಿಸುತ್ತಾರೆ, ಲೆಕ್ಕ ಹಾಕಲು ಬಿಟ್ಟವರು ಉಳಿಯುತ್ತಾರೆ ಎಂಬುದು ನಾನು ಕಂಡದ್ದು. ಆದ್ದರಿಂದ ನಿಮ್ಮ 8 ಮಂದಿಗೆ ಮೊದಲು ಕೆಲಸ ಕೊಡಿ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಉಪನ್ಯಾಸಗಳನ್ನು ಅವರು ಅಷ್ಟು ಹಗುರವಾಗಿ ತಳ್ಳಿಹಾಕಬಾರದಿತ್ತು, ಏಕೆಂದರೆ ಆ ನಾಲ್ವರು ಓದುಕೂಟದ ಸುದ್ದಿ ಕೇಳಿದ್ದಾದರೂ ಎಲ್ಲಿ? ನಮ್ಮಲ್ಲಿ ಉಪನ್ಯಾಸ ಮುಗಿದ ಒಂದು ವಾರದೊಳಗೆ, ಪ್ರಶ್ನೆ ಕೇಳಿದ ಪ್ರತಿಯೊಬ್ಬರೊಂದಿಗೂ ಯಾರಾದರೊಬ್ಬರು ಅರ್ಧ ಗಂಟೆ ಕುಳಿತು ಮಾತನಾಡಬೇಕೆಂಬ ಕಟ್ಟುಪಾಡು ಇದೆ. ಅದಕ್ಕೆ ಆಳುಗಳಿಲ್ಲದಿದ್ದರೆ ಉಪನ್ಯಾಸವನ್ನೇ ಮುಂದೂಡುತ್ತೇವೆ.

ಮೂರನೆಯ ಉತ್ತರ: ನಾನು ಎಚ್ಚರಿಸಬೇಕೆಂದಿರುವುದು ಪ್ರತಿಜ್ಞೆಯ ವಿಷಯದಲ್ಲಿ. ಟೋಬಿ ಆರ್ಡ್ ಮತ್ತು ವಿಲಿಯಂ ಮೆಕಾಸ್ಕಿಲ್ 2009ರಲ್ಲಿ ಆಕ್ಸ್‌ಫರ್ಡಿನಲ್ಲಿ ಆರಂಭಿಸಿದ 'ಗಿವಿಂಗ್ ವಾಟ್ ವೀ ಕ್ಯಾನ್' ಸಂಸ್ಥೆಯ, ಆದಾಯದ ಕನಿಷ್ಠ ಶೇಕಡಾ 10ನ್ನು ಪರಿಣಾಮಕಾರಿ ಸಂಸ್ಥೆಗಳಿಗೆ ಕೊಡುವ ಪ್ರತಿಜ್ಞೆಯನ್ನು ನಾನು ಮೆಚ್ಚುತ್ತೇನೆ, ನಾನೂ ತೆಗೆದುಕೊಂಡಿದ್ದೇನೆ. ಆದರೆ ನಮ್ಮ ಗುಂಪು ಅದನ್ನು ಸಭೆಯಲ್ಲಿ ಎದ್ದು ನಿಂತು ಹೇಳುವ ಸಮಾರಂಭವಾಗಿ ಮಾಡಿತು. ಇನ್ನೂ ಓದುತ್ತಿದ್ದ ಯುವಕನೊಬ್ಬ ಎಲ್ಲರ ಜೊತೆ ಎದ್ದು ನಿಂತ, ಕೆಲಸ ಸಿಕ್ಕ ಮೇಲೆ ಮನೆಯ ಸಾಲದ ಹೊರೆಯಿಂದ ಅವನಿಗೆ ಕೊಡಲಾಗಲಿಲ್ಲ, ನಾಚಿಕೆಯಿಂದ ನಮ್ಮ ಕಡೆ ತಲೆ ಹಾಕುವುದನ್ನೇ ಬಿಟ್ಟ. ತಪ್ಪು ಅವನದಲ್ಲ, ನಮ್ಮದು. ಈಗ ಆಸಕ್ತಿ ತೋರಿಸಿದವರಿಗೆ ಒಂದು ವರ್ಷ ಶೇಕಡಾ 1ನ್ನು ಕೊಟ್ಟು ನೋಡುವಂತೆ ಹೇಳುತ್ತೇವೆ, ಅದನ್ನೂ ಎಲ್ಲರೆದುರು ಹೇಳುವುದಿಲ್ಲ.

ಇನ್ನೊಂದು ವಿಷಯ: ನಿಮ್ಮ ಅಭಿಪ್ರಾಯ ಬದಲಾದಾಗ ಅದನ್ನು ಸದಸ್ಯರೆದುರೇ ಒಪ್ಪಿಕೊಳ್ಳಿ. ಪುಕ್ಕಟೆಯಾಗಿ ಕೊಟ್ಟ ವಸ್ತುವಿಗೆ ಜನ ಬೆಲೆ ಕೊಡುವುದಿಲ್ಲ ಎಂದು ನಾನು ಬಹಳ ಕಾಲ ವಾದಿಸುತ್ತಿದ್ದೆ. ಜೆಸ್ಸಿಕಾ ಕೋಹೆನ್ ಮತ್ತು ಪಾಸ್ಕಲಿನ್ ಡ್ಯೂಪಾ ಅವರು ಕೀನ್ಯಾದ ಗರ್ಭಿಣಿಯರಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೊಳ್ಳೆಪರದೆಗೆ 60 ಸೆಂಟ್ ಬೆಲೆ ಇಟ್ಟೊಡನೆ ಅದನ್ನು ಪಡೆಯುವವರ ಪ್ರಮಾಣ ಶೇಕಡಾ 60 ಅಂಶಗಳಷ್ಟು ಕುಸಿದಿತ್ತು. ಪುಕ್ಕಟೆಯಾಗಿ ಪಡೆದವರು ಹಣ ಕೊಟ್ಟವರಿಗಿಂತ ಕಡಿಮೆ ಬಳಸಿದ್ದೂ ಕಂಡುಬರಲಿಲ್ಲ. ಅದನ್ನು ಓದಿ ಮುಂದಿನ ಸಭೆಯಲ್ಲಿ ನನ್ನ ವಾದ ತಪ್ಪೆಂದು ಹೇಳಿದ ಮೇಲೆಯೇ ಉಳಿದವರು ನನ್ನೊಂದಿಗೆ ಮುಕ್ತವಾಗಿ ವಾದಿಸತೊಡಗಿದರು.

ನಾಲ್ಕನೆಯ ಉತ್ತರ: ಹಣದ ವಿಷಯ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಈ ಚಳವಳಿಯ ಅತಿ ದೊಡ್ಡ ದಾನಿಗಳಲ್ಲಿ ಒಬ್ಬರಾಗಿದ್ದ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ಅವರ ಕ್ರಿಪ್ಟೋಕರೆನ್ಸಿ ವಿನಿಮಯ ಸಂಸ್ಥೆ ಎಫ್‌ಟಿಎಕ್ಸ್ 2022ರ ನವೆಂಬರಿನಲ್ಲಿ ದಿವಾಳಿಯಾಗಿ, ಮುಂದೆ ಅವರಿಗೆ ವಂಚನೆಗಾಗಿ 25 ವರ್ಷಗಳ ಶಿಕ್ಷೆಯಾದಾಗ, ಅಲ್ಲಿಂದ ಬಿಡಿಗಾಸೂ ಪಡೆಯದ ನಮ್ಮಂಥ ಸಣ್ಣ ಗುಂಪುಗಳೂ ಉತ್ತರ ಹೇಳಬೇಕಾಯಿತು. ನಮ್ಮ ಖರ್ಚು ಸದಸ್ಯರ ಚಂದಾದಿಂದಲೇ ನಡೆಯುತ್ತಿತ್ತು, ಲೆಕ್ಕದ ಪುಸ್ತಕವನ್ನು ಪ್ರತಿ ಸಭೆಯಲ್ಲೂ ಮೇಜಿನ ಮೇಲೆ ಇಡುತ್ತಿದ್ದೆವು. ಹಾಗಾಗಿ ಕೇಳಿದವರ ಮುಂದೆ ಪುಸ್ತಕವನ್ನು ಸರಿಸಿದರೆ ಸಾಕಾಗುತ್ತಿತ್ತು. ದೊಡ್ಡ ಅನುದಾನ ಬಂದರೂ ಚಂದಾವನ್ನು ನಿಲ್ಲಿಸಬೇಡಿ.

ಕೊನೆಗೆ, 14 ತಿಂಗಳಿಂದ 'ನಡೆಸುತ್ತಿದ್ದೇನೆ' ಎಂದು ಏಕವಚನದಲ್ಲಿ ಬರೆದಿದ್ದೀರಿ. ಕೊಠಡಿಯ ಬೀಗದ ಕೈ, ಸದಸ್ಯರ ಪಟ್ಟಿ, ಲೆಕ್ಕದ ಪುಸ್ತಕ ಈ ಮೂರೂ ನಿಮ್ಮ ಬಳಿಯೇ ಇದ್ದರೆ, ಈ ತಿಂಗಳು ಒಂದನ್ನಾದರೂ ಬೇರೆಯವರಿಗೆ ಒಪ್ಪಿಸಿ. ನಾನು ಮೂರನ್ನೂ ಇಟ್ಟುಕೊಂಡಿದ್ದೆ. ಕಾಯಿಲೆಯಿಂದ ಎರಡು ತಿಂಗಳು ಮಲಗಿದಾಗ ನಮ್ಮ ಗುಂಪಿನ ಒಂದೇ ಒಂದು ಸಭೆಯೂ ನಡೆಯಲಿಲ್ಲ. ಬೀಗದ ಕೈ ಎಲ್ಲಿದೆಯೆಂದು ಕೇಳಲು ಸದಸ್ಯರು ಸಂಕೋಚಪಟ್ಟಿದ್ದರಂತೆ.